ಆರು ತಿಂಗಳು ತಾಯಿಹಾಲೇ ಸಾಕು

ಅರಸೀಕೆರೆಯ ತೆಂಗಿನ ಸೀಮೆಯಿಂದ ಬೇಲೂರು, ಹಳೇಬೀಡಿನವರೆಗೆ ನಮ್ಮ ಮನೆಗಳಲ್ಲಿ ಚೊಚ್ಚಲ ಬಾಣಂತನವು ತವರಿನ ಹೊಣೆ. ಎದೆಹಾಲಿನ ಹಿರಿಮೆಯನ್ನು ನಮ್ಮ ತಾಯಂದಿರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ‘ತಾಯಿಹಾಲು ಒಳ್ಳೆಯದು’ ಎಂದು ಅರಿಯುವುದು ಬೇರೆ, ‘ತಾಯಿಹಾಲೊಂದೇ ಸಾಕು’ ಎಂದು ನಡೆಯುವುದು ಬೇರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿದ್ದವು. ಆದರೂ ಜನಿಸಿದ ಒಂದು ಗಂಟೆಯೊಳಗೆ ಎದೆಹಾಲು ದೊರೆತದ್ದು ನೂರರಲ್ಲಿ ಸುಮಾರು 42 ಶಿಶುಗಳಿಗೆ ಮಾತ್ರ. ಆರು ತಿಂಗಳೊಳಗಿನ ಕೂಸುಗಳಲ್ಲಿ ಕೇವಲ ತಾಯಿಹಾಲನ್ನೇ ಕುಡಿಯುತ್ತಿದ್ದವು ನೂರಕ್ಕೆ ಸುಮಾರು 64. ಆಸ್ಪತ್ರೆಯೊಂದರಿಂದಲೇ ಕಾರ್ಯ ಕೈಗೂಡದು. ಮನೆಯ ಹಿರಿಯರ ಮನಸ್ಸೂ ಒಲಿಯಬೇಕು.

ಹಸು ಕರು ಹಾಕಿದರೆ ಗಿಣ್ಣನ್ನು ನೆರೆಹೊರೆಗೆಲ್ಲ ಹಂಚಿ ಸವಿಯುವ ನಾವು, ತಾಯಿಯ ಮೊದಲ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವುದು ಎಂತಹ ವಿಪರ್ಯಾಸ! ರೋಗನಿರೋಧಕ ಶಕ್ತಿ ತುಂಬಿದ ಆ ಹಾಲೇ ಕೂಸಿನ ಮೊದಲ ರಕ್ಷೆ. ಅದರ ಬದಲು ಜೇನು, ಸಕ್ಕರೆ ನೀರು, ಹರಳೆಣ್ಣೆಗಳನ್ನು ನೆಕ್ಕಿಸುವುದು ಸಲ್ಲದು. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ. ಶಿಶುವಿಗೆ ವಿಭೂತಿ ಧರಿಸಿ ಲಿಂಗಧಾರಣೆ ಮಾಡಿಸುವ ಸಂಸ್ಕಾರಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ.

ಬೇಸಿಗೆಯಲ್ಲಿ ‘ಗಂಟಲೊಣಗೀತು’ ಎಂದು ನೀರು ಕುಡಿಸುವ ವಾಡಿಕೆಯುಂಟು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಹೊರಗಿನ ನೀರು ಭೇದಿಗೆ ದಾರಿಯಾಗಬಹುದು. ಹೊಟ್ಟೆ ತುಂಬಿದ ಕೂಸು ಮೊಲೆಯುಣ್ಣುವುದೂ ಕಡಿಮೆಯಾಗಿ, ಹಾಲು ಇಳಿಯುವುದೂ ತಗ್ಗುತ್ತದೆ. ಅತ್ತ ಮಾತ್ರಕ್ಕೆ ‘ಹಾಲು ಸಾಲದು’ ಎಂದು ತೀರ್ಮಾನಿಸಬಾರದು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕೆಂದೇ ಅರ್ಥ. ಸಂದೇಹವಿದ್ದರೆ ಡಬ್ಬಿ ಹಾಲಿಗೆ ಕೈಹಾಕುವ ಮೊದಲು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳುವುದು ಲೇಸು. ತಾಯಿಹಾಲಿಗೆ ಬದಲಾಗಿ ಕೊಡುವ ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾಯಿದೆಯೇ ನಿಷೇಧಿಸಿತು. ವೈದ್ಯರು ಸೂಚಿಸಿದ ಔಷಧಿ, ಲಸಿಕೆಯ ಹನಿಗಳಿಗೆ ಮಾತ್ರ ಅಭ್ಯಂತರವಿಲ್ಲ.

ತೋಟದ ಕೆಲಸಕ್ಕೋ ಕಚೇರಿಗೋ ಹೊರಡುವ ತಾಯಿ ಶುಚಿಯಾದ ಪಾತ್ರೆಗೆ ಹಾಲು ಹಿಂಡಿ, ಮುಚ್ಚಿ ತಂಪಾದೆಡೆ ಇಟ್ಟರೆ, ನಾಲ್ಕು ಗಂಟೆಯೊಳಗೆ ಅಜ್ಜಿಯೇ ಅದನ್ನು ಒಳಲೆಯಲ್ಲಿ ಕುಡಿಸಬಹುದು. ಆರು ತಿಂಗಳು ತುಂಬಿದ ಬಳಿಕ ರಾಗಿ ಸರಿ, ಮೆತ್ತಗಿನ ಅನ್ನ, ಬೇಳೆಗಳನ್ನು ಆರಂಭಿಸಿ, ಎರಡು ವರ್ಷ ಹಾಗೂ ಅನಂತರವೂ ಎದೆಹಾಲನ್ನು ಮುಂದುವರಿಸುವುದು ಉಚಿತ.

ಬಾಣಂತಿಯ ಬಳಿ ‘ನಿನಗೆ ಹಾಲು ಸಾಲದು’ ಎನ್ನುವ ಬದಲು ಆಕೆಗೆ ಹೊಟ್ಟೆ ತುಂಬ ಊಟ, ವಿಶ್ರಾಂತಿ, ಧೈರ್ಯದ ಮಾತುಗಳನ್ನು ನೀಡೋಣ. ಕೂಸಿಗೆ ಹಾಲೂಡುವವಳು ತಾಯಿ. ಆಕೆಗೆ ಬಲವಾಗಿ ನಿಲ್ಲಬೇಕಾದವರು ಮನೆಮಂದಿಯೆಲ್ಲರೂ.