ಭೂಗೋಳಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ: ಗಡಿನಾಡಿನ ವಿದ್ಯಾರ್ಥಿಗಿರುವ ದಾರಿಗಳು

ಪ್ರೌಢಶಾಲೆಯಲ್ಲಿ ಭೂಗೋಳವು ಸಮಾಜ ವಿಜ್ಞಾನದ ಒಂದು ಭಾಗವಾಗಿ ಮಾತ್ರ ವಿದ್ಯಾರ್ಥಿಗಳಿಗೆ ಪರಿಚಯವಾಗುತ್ತದೆ. ಆದ್ದರಿಂದ ಅದನ್ನು ಸ್ವತಂತ್ರ ವಿಷಯವಾಗಿ ಸ್ನಾತಕೋತ್ತರ ಹಂತದವರೆಗೆ ಓದಬಹುದೆಂಬ ಅರಿವು ಅನೇಕ ಮನೆಗಳಲ್ಲಿಲ್ಲ. ಗಡಿನಾಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಮಟ್ಟಿಗೆ ಈ ಕೊರತೆ ಇನ್ನೂ ಹೆಚ್ಚು. ಶಾಲೆ ಒಂದು ರಾಜ್ಯದಲ್ಲಿ, ಪದವಿ ಕಾಲೇಜು ಇನ್ನೊಂದು ರಾಜ್ಯದಲ್ಲಿ, ವಿಶ್ವವಿದ್ಯಾಲಯ ಮತ್ತೊಂದು ಕಡೆ ಎಂಬಂತಹ ಸನ್ನಿವೇಶದಲ್ಲಿ ಸರಿಯಾದ ಸಲಹೆ ನೀಡಬಲ್ಲವರು ಬಹುಮಟ್ಟಿಗೆ ಶಿಕ್ಷಕರೇ. ಸ್ನಾತಕೋತ್ತರ ಪ್ರವೇಶದ ಅರ್ಹತೆಯು ಪದವಿ ತರಗತಿಯಲ್ಲಿ ಆಯ್ದುಕೊಂಡ ವಿಷಯವನ್ನು ಅವಲಂಬಿಸಿರುವುದರಿಂದ ಆ ಸಲಹೆ ಪದವಿ ಮುಗಿದ ಮೇಲೆ ದೊರೆತರೆ ತಡವಾಗುತ್ತದೆ.

ಮೂರು ಬೇರೆ ಬೇರೆ ವ್ಯಾಸಂಗಗಳು

ಒಂದೇ ಬಗೆಯದೆಂದು ತೋರುವ ಮೂರು ವ್ಯಾಸಂಗಗಳನ್ನು ಮೊದಲು ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಭೂಗೋಳಶಾಸ್ತ್ರದ ಎಂ.ಎ. ಅಥವಾ ಎಂ.ಎಸ್‌ಸಿ. ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಎರಡಕ್ಕೂ ಪಠ್ಯಕ್ರಮ ಒಂದೇ. ಕಲಾ ಪದವೀಧರರಿಗೆ ಎಂ.ಎ., ವಿಜ್ಞಾನ ಪದವೀಧರರಿಗೆ ಎಂ.ಎಸ್‌ಸಿ. ಎಂದು ಪದವಿಯ ಹೆಸರು ಮಾತ್ರ ಬದಲಾಗುತ್ತದೆ. ಭೂರೂಪಶಾಸ್ತ್ರ, ವಾಯುಗುಣಶಾಸ್ತ್ರ, ಜನಸಂಖ್ಯೆ, ವಸತಿ, ಕೃಷಿ, ನಗರ, ಪ್ರಾದೇಶಿಕ ಯೋಜನೆ, ಭೌಗೋಳಿಕ ಚಿಂತನೆಯ ಇತಿಹಾಸ, ನಕ್ಷಾಶಾಸ್ತ್ರ, ಸಂಖ್ಯಾಶಾಸ್ತ್ರ ಇವು ಇಲ್ಲಿ ಸಾಮಾನ್ಯವಾಗಿ ಬರುವ ಪತ್ರಿಕೆಗಳು. ಕ್ಷೇತ್ರಾಧ್ಯಯನ ಮತ್ತು ಕಿರುಪ್ರಬಂಧ ಇದರ ಮುಖ್ಯ ಅಂಗಗಳು.

ಎರಡನೆಯದು ಭೂಮಾಹಿತಿ ವಿಜ್ಞಾನ, ಅಂದರೆ ಜಿಯೋಇನ್ಫರ್ಮ್ಯಾಟಿಕ್ಸ್. ಉಪಗ್ರಹ ಚಿತ್ರಗಳನ್ನು ಓದುವ ದೂರಸಂವೇದನೆ, ಸ್ಥಳಕ್ಕೆ ಸಂಬಂಧಿಸಿದ ಮಾಹಿತಿಯನ್ನು ಪದರ ಪದರವಾಗಿ ಜೋಡಿಸಿ ವಿಶ್ಲೇಷಿಸುವ ಜಿ.ಐ.ಎಸ್., ಗಣಕಯಂತ್ರದ ಕಾರ್ಯಕ್ರಮ ರಚನೆ ಇಲ್ಲಿ ಪ್ರಧಾನ. ಬಹಳಷ್ಟು ಕಡೆ ವಿಜ್ಞಾನ ಅಥವಾ ತಾಂತ್ರಿಕ ಪದವಿಯನ್ನು ಕೇಳುತ್ತಾರೆ. ಭೂಗೋಳ ಓದಿದ ಕಲಾ ಪದವೀಧರರನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳೂ ಉಂಟು.

ಮೂರನೆಯದು ಭೂವಿಜ್ಞಾನ, ಅಂದರೆ ಜಿಯಾಲಜಿ. ಶಿಲೆ, ಖನಿಜ, ಅಂತರ್ಜಲ, ಭೂಮಿಯ ಒಳರಚನೆ ಇದರ ವಸ್ತು. ಹೆಸರಿನ ಹೋಲಿಕೆಯಿಂದ ಇದನ್ನು ಭೂಗೋಳವೆಂದು ತಿಳಿಯುವವರಿದ್ದಾರೆ. ಇದರ ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಭೂವಿಜ್ಞಾನವನ್ನು ಓದಿದ ಬಿ.ಎಸ್‌ಸಿ. ಪದವಿಯೇ ಬೇಕು.

ಈ ವ್ಯತ್ಯಾಸವು ಮುಂದಿನ ಉದ್ಯೋಗವನ್ನೂ ನಿರ್ಧರಿಸುತ್ತದೆ. ಭೂಗೋಳಶಾಸ್ತ್ರದ ಉಪನ್ಯಾಸಕ ಹುದ್ದೆಗೆ ಭೂಗೋಳಶಾಸ್ತ್ರದಲ್ಲಿಯೇ ಸ್ನಾತಕೋತ್ತರ ಪದವಿಯನ್ನು ಕೇಳುವುದು ವಾಡಿಕೆ. ಅಧ್ಯಾಪನದ ಆಸೆಯುಳ್ಳ ವಿದ್ಯಾರ್ಥಿಯು ಭೂಮಾಹಿತಿ ವಿಜ್ಞಾನದ ಪದವಿಯನ್ನು ಮಾತ್ರ ಪಡೆದರೆ ನೇಮಕಾತಿಯ ವೇಳೆ ಹೊರಗುಳಿಯುವ ಸಂಭವವಿದೆ. ಅಂಥವರು ಭೂಗೋಳದ ಎಂ.ಎ. ಮಾಡಿ, ಬಳಿಕ ಭೂಮಾಹಿತಿ ವಿಜ್ಞಾನದ ಸ್ನಾತಕೋತ್ತರ ಡಿಪ್ಲೊಮಾ ಪಡೆಯುವುದು ಲೇಸು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಇಂತಹ ಡಿಪ್ಲೊಮಾವನ್ನು ರೂಪಿಸಿದೆ.

ಇವಲ್ಲದೆ ಭೂಗೋಳ ಓದಿದವರಿಗೆ ನೆರೆಯ ವಿಷಯಗಳ ಬಾಗಿಲುಗಳೂ ತೆರೆದಿವೆ. ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಜನಸಂಖ್ಯಾ ಅಧ್ಯಯನದ ಸ್ನಾತಕೋತ್ತರ ಶಿಕ್ಷಣ ನೀಡುತ್ತದೆ. ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ವಾಸ್ತುಶಿಲ್ಪ ಮತ್ತು ಸಿವಿಲ್ ಎಂಜಿನಿಯರಿಂಗ್ ಪದವೀಧರರೊಡನೆ ಭೂಗೋಳದ ಸ್ನಾತಕೋತ್ತರ ಪದವೀಧರರನ್ನೂ ಅನೇಕ ಸಂಸ್ಥೆಗಳು ಪರಿಗಣಿಸುತ್ತವೆ.

ಹತ್ತಿರದ ವಿಶ್ವವಿದ್ಯಾಲಯಗಳು

ಗಡಿಭಾಗದ ವಿದ್ಯಾರ್ಥಿಗೆ ದೂರವೆಂಬ ಅಂಜಿಕೆ ಎಲ್ಲ ಕಡೆಯೂ ಸಕಾರಣವಲ್ಲ. ಕಾಸರಗೋಡಿನ ದಕ್ಷಿಣಕ್ಕೆ ಪಯ್ಯನೂರಿನಲ್ಲಿರುವ ಕಣ್ಣೂರು ವಿಶ್ವವಿದ್ಯಾಲಯದ ಆವರಣದಲ್ಲಿ ಭೂಗೋಳಶಾಸ್ತ್ರ ವಿಭಾಗವಿದೆ. ಅಕ್ಕಲಕೋಟೆಯ ನೆರೆಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದ್ದು, ಅಲ್ಲಿಯೂ ಭೂಗೋಳದ ಸ್ನಾತಕೋತ್ತರ ವ್ಯಾಸಂಗ ನಡೆಯುತ್ತದೆ. ಸೊಲ್ಲಾಪುರ ವಿಶ್ವವಿದ್ಯಾಲಯದ ಭೂವಿಜ್ಞಾನಗಳ ನಿಕಾಯದಲ್ಲಿ ಭೂಮಾಹಿತಿ ವಿಜ್ಞಾನವನ್ನು ಬೋಧಿಸುತ್ತಾರೆ. ಜತ್ತ ಭಾಗದವರಿಗೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ, ನೀಲಗಿರಿ, ವಯನಾಡು ಮತ್ತು ತಾಳವಾಡಿಯವರಿಗೆ ಮೈಸೂರು ವಿಶ್ವವಿದ್ಯಾಲಯವೂ, ತೆಲಂಗಾಣದವರಿಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಎಟುಕುವ ದೂರದಲ್ಲಿವೆ. ಈ ಎಲ್ಲ ಕಡೆಗಳಲ್ಲಿಯೂ ಭೂಗೋಳ ವಿಭಾಗಗಳಿವೆ.

ಕೇಂದ್ರೀಯ ವಿಶ್ವವಿದ್ಯಾಲಯಗಳು ಬಹುಪಾಲು ಸಿ.ಯು.ಇ.ಟಿ.-ಪಿ.ಜಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಆರಿಸುತ್ತವೆ. 2025ರ ಪರೀಕ್ಷೆಯಲ್ಲಿ 75 ಪ್ರಶ್ನೆಗಳಿಗೆ 90 ನಿಮಿಷಗಳ ಅವಧಿಯಿತ್ತು. ಭೂಗೋಳದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ರಾಜ್ಯ ವಿಶ್ವವಿದ್ಯಾಲಯಗಳ ಕ್ರಮ ಬೇರೆ ಬೇರೆ. ಕೆಲವು ಪದವಿಯಲ್ಲಿ ಭೂಗೋಳವನ್ನು ಓದಿರಲೇಬೇಕೆನ್ನುತ್ತವೆ. ಕೆಲವು ಯಾವುದೇ ಪದವೀಧರರಿಗೆ ಪ್ರವೇಶ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತವೆ. ಹೊರರಾಜ್ಯದವರಿಗೆ ಮೀಸಲಾದ ಸ್ಥಾನ ಮತ್ತು ಶುಲ್ಕದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಬಗ್ಗೆ ಶಾಲೆ ನೀಡುವ ಪ್ರಮಾಣಪತ್ರವನ್ನು ವಿದ್ಯಾರ್ಥಿಯು ಮೊದಲೇ ಪಡೆದು ಜೋಪಾನವಾಗಿಟ್ಟುಕೊಳ್ಳುವುದು ಒಳ್ಳೆಯದು.

ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ನಿಯಮಗಳು

ಗಡಿ ದಾಟುವ ವಿದ್ಯಾರ್ಥಿ ಎರಡು ನಿಯಮಗಳನ್ನು ವಿಶೇಷವಾಗಿ ತಿಳಿದಿರಬೇಕು.

ಮೊದಲನೆಯದು ಪದವಿಯ ಅವಧಿ. ಕರ್ನಾಟಕವು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಅದೇ ವರ್ಷ ಕೇರಳವು ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. ಅಲ್ಲಿ ಮೂರನೆಯ ವರ್ಷದ ಕೊನೆಗೆ ಪದವಿ ಪಡೆದು ಹೊರಬರಲೂ ಅವಕಾಶವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷಗಳ ಪದವೀಧರರಿಗೆ ಎರಡು ವರ್ಷಗಳ, ನಾಲ್ಕು ವರ್ಷಗಳ ಆನರ್ಸ್ ಪದವೀಧರರಿಗೆ ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗ ಸಾಧ್ಯ. ಕಾಸರಗೋಡಿನ ವಿದ್ಯಾರ್ಥಿ ನಾಲ್ಕನೆಯ ವರ್ಷವನ್ನು ಅಲ್ಲಿಯೇ ಮುಗಿಸಬೇಕೋ, ಮೂರಕ್ಕೆ ನಿಲ್ಲಿಸಿ ಬೇರೆಡೆ ಎರಡು ವರ್ಷ ಓದಬೇಕೋ ಎಂದು ನಿರ್ಧರಿಸುವ ಮೊದಲು, ತಾನು ಸೇರಬಯಸುವ ವಿಶ್ವವಿದ್ಯಾಲಯವು ಒಂದು ವರ್ಷದ ಕ್ರಮವನ್ನು ಆರಂಭಿಸಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಅಧ್ಯಾಪಕ ಅರ್ಹತಾ ಪರೀಕ್ಷೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಾದರೆ ಶೇ. 50 ಅಂಕ ಪಡೆದವರು ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನು, ಅಂದರೆ ನೆಟ್ ಪರೀಕ್ಷೆಯನ್ನು ಬರೆಯಬಹುದು. ನೆಟ್ ಅರ್ಹತೆ ದೇಶದಾದ್ಯಂತ ಸಲ್ಲುತ್ತದೆ. ರಾಜ್ಯಗಳು ನಡೆಸುವ ಸೆಟ್ ಪರೀಕ್ಷೆಯ ಅರ್ಹತೆಯಾದರೋ 2002ರ ಜೂನ್ ನಂತರ ಆಯಾ ರಾಜ್ಯಕ್ಕಷ್ಟೇ ಸೀಮಿತವಾಗಿದೆ. ಮಹಾರಾಷ್ಟ್ರದ ಸೆಟ್ ಮುಗಿಸಿದ ಸೊಲ್ಲಾಪುರದ ಕನ್ನಡಿಗನಿಗೆ ಅದೇ ಅರ್ಹತೆಯ ಮೇಲೆ ಕರ್ನಾಟಕದ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕನಾಗಲು ಬರುವುದಿಲ್ಲ. ಎರಡೂ ಕಡೆ ನೆಲೆಯಿರುವವರಿಗೆ ನೆಟ್ ಹೆಚ್ಚು ಪ್ರಯೋಜನಕಾರಿ.

ಭಾಷೆಯ ಸಿದ್ಧತೆ

ಕನ್ನಡದಲ್ಲಿ ಭೂಗೋಳ ಕಲಿತವರಿಗೆ ವಿಷಯಜ್ಞಾನದ ಕೊರತೆಯಿಲ್ಲದಿದ್ದರೂ ಪರಿಭಾಷೆಯ ತೊಡಕು ಎದುರಾಗುತ್ತದೆ. ಮಳೆನೆರಳಿನ ಪ್ರದೇಶವೆಂದರೇನೆಂದು ಬಲ್ಲ ವಿದ್ಯಾರ್ಥಿಯು ‘ರೇನ್ ಶ್ಯಾಡೋ’ ಎಂಬ ಪದವನ್ನು ಪ್ರಶ್ನೆಪತ್ರಿಕೆಯಲ್ಲಿ ಮೊದಲ ಬಾರಿ ಕಂಡರೆ ಗೊತ್ತಿರುವ ಉತ್ತರವೂ ಕೈತಪ್ಪುತ್ತದೆ. ಪ್ರೌಢಶಾಲೆಯಲ್ಲಿಯೇ ಪ್ರತಿ ಪಾಠದ ಮುಖ್ಯ ಪದಗಳನ್ನು ಎರಡು ಭಾಷೆಗಳಲ್ಲಿ ಬರೆಸುವ ರೂಢಿಯನ್ನು ಶಿಕ್ಷಕರು ಬೆಳೆಸಬಹುದು: ಜಂಬಿಟ್ಟಿಗೆ ಎಂದರೆ ಲ್ಯಾಟರೈಟ್, ಉಪನದಿ ಎಂದರೆ ಟ್ರಿಬ್ಯುಟರಿ, ಸವಕಳಿ ಎಂದರೆ ಇರೋಷನ್. ಕನ್ನಡದಲ್ಲಿ ಪರಿಕಲ್ಪನೆ ಗಟ್ಟಿಯಾದ ಮೇಲೆ ಇಂಗ್ಲಿಷ್ ಪದವು ಅದಕ್ಕೆ ಎರಡನೆಯ ಹೆಸರಾಗಿ ಸುಲಭವಾಗಿ ನಿಲ್ಲುತ್ತದೆ.

ಗಣಕಯಂತ್ರವಿರುವ ಶಾಲೆಗಳಲ್ಲಿ ಇಸ್ರೋ ಸಂಸ್ಥೆಯು 2009ರಲ್ಲಿ ಆರಂಭಿಸಿದ ‘ಭುವನ್’ ತಾಣದಲ್ಲಿ ತಮ್ಮ ಊರಿನ ಉಪಗ್ರಹ ಚಿತ್ರವನ್ನು ತೋರಿಸಬಹುದು. ‘ಕ್ಯೂ.ಜಿ.ಐ.ಎಸ್.’ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಊರಿನ ಕೆರೆ, ಬಾವಿ, ರಸ್ತೆಗಳನ್ನು ಅದರಲ್ಲಿ ಗುರುತಿಸಿದ ವಿದ್ಯಾರ್ಥಿಗೆ ಮುಂದೆ ಜಿ.ಐ.ಎಸ್. ಪತ್ರಿಕೆ ಅಪರಿಚಿತವೆನಿಸದು.

ಗಡಿಯ ನೆಲವೇ ಅಧ್ಯಯನದ ವಸ್ತು

ಸ್ನಾತಕೋತ್ತರ ಕಿರುಪ್ರಬಂಧಕ್ಕೆ ವಸ್ತು ಹುಡುಕುವಾಗ ಗಡಿನಾಡಿನ ವಿದ್ಯಾರ್ಥಿಗೆ ಒಂದು ಅನುಕೂಲವಿದೆ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ಇಂದಿಗೂ ನೀರು ಕೊಡುತ್ತಿವೆ. ರಾಯದುರ್ಗದ ಸೀಮೆಯಲ್ಲಿ ವೇದಾವತಿಯ ಮರಳು ಗಾಳಿಗೆ ಹರಡಿ ಹೊಲಗಳನ್ನು ಮುಚ್ಚುತ್ತದೆ. ತಾಳವಾಡಿಯ ಎತ್ತರದ ಬಯಲಿನಲ್ಲಿ ಕೃಷಿಭೂಮಿಗೂ 2013ರಲ್ಲಿ ಘೋಷಿತವಾದ ಸತ್ಯಮಂಗಲಂ ಹುಲಿ ಮೀಸಲು ಪ್ರದೇಶಕ್ಕೂ ಅಂಚು ಹೊಂದಿಕೊಂಡಿದೆ. ಹೊಸೂರಿನ ಬೇಸಾಯದ ಭೂಮಿ ಕೈಗಾರಿಕೆಗೆ ಬದಲಾಗಿದೆ. ಜತ್ತದ ಬರ, ಆದೋನಿಯ ಹತ್ತಿ ಮಾರುಕಟ್ಟೆ, ಗಡಿಯಾಚೆಗೂ ಉಳಿದ ಕನ್ನಡದ ಸ್ಥಳನಾಮಗಳು ಇವೆಲ್ಲವೂ ಭೂಗೋಳದ ಪ್ರಶ್ನೆಗಳು. ಇವುಗಳ ಅಧ್ಯಯನಕ್ಕೆ ಹಳ್ಳಿಯವರ ಕನ್ನಡವೂ ಬೇಕು, ಕಚೇರಿಯ ಮಲಯಾಳ, ತಮಿಳು, ತೆಲುಗು ಅಥವಾ ಮರಾಠಿಯೂ ಬೇಕು. ಎರಡನ್ನೂ ಬಲ್ಲ ವಿದ್ಯಾರ್ಥಿಗೆ ಕ್ಷೇತ್ರಕಾರ್ಯದಲ್ಲಿ ದುಭಾಷಿಯ ಅಗತ್ಯವಿಲ್ಲ.

ಶಿಕ್ಷಕರು ಗಮನಿಸಬೇಕಾದುದು

ಹತ್ತನೆಯ ತರಗತಿಯ ನಂತರ ಪದವಿಪೂರ್ವ ಅಥವಾ ಹೈಯರ್ ಸೆಕೆಂಡರಿಯಲ್ಲಿ ಭೂಗೋಳವಿರುವ ವಿಷಯಗುಚ್ಛ ಎಲ್ಲಿ ದೊರೆಯುತ್ತದೆಂಬುದನ್ನು ಆಸಕ್ತ ವಿದ್ಯಾರ್ಥಿಗೂ ಪಾಲಕರಿಗೂ ತಿಳಿಸಬೇಕು. ಪದವಿಗೆ ಸೇರುವ ಮುನ್ನ ಭೂಗೋಳವನ್ನು ಕೊನೆಯ ವರ್ಷದವರೆಗೆ ಮುಖ್ಯ ವಿಷಯವಾಗಿ ಓದುವ ಅವಕಾಶ ಆ ಕಾಲೇಜಿನಲ್ಲಿದೆಯೇ ಎಂದು ವಿಚಾರಿಸಲು ಹೇಳಬೇಕು. ಪದವಿಯ ಅಂತಿಮ ವರ್ಷ ಆರಂಭವಾಗುತ್ತಲೇ ಪ್ರವೇಶ ಪರೀಕ್ಷೆಯ ಪ್ರಕಟಣೆಗಳನ್ನು ಗಮನಿಸುವಂತೆ ನೆನಪಿಸಬೇಕು. ಶಾಲೆ ಬಿಟ್ಟ ಮೇಲೂ ವಿದ್ಯಾರ್ಥಿಯು ಸಲಹೆ ಕೇಳಿ ಬರುವಂತಹ ಸಂಪರ್ಕವನ್ನು ಶಿಕ್ಷಕರು ಉಳಿಸಿಕೊಂಡರೆ, ತಿಳಿವಳಿಕೆಯ ಕೊರತೆಯೊಂದರಿಂದಲೇ ಯಾರ ಓದೂ ಅರ್ಧಕ್ಕೆ ನಿಲ್ಲಬೇಕಾಗುವುದಿಲ್ಲ.