ಥೆಲೋನಿಯಸ್ ಮಾಂಕ್: ಅಪಸ್ವರ ಅನ್ನಿಸಿಕೊಂಡಿದ್ದೇ ಪಾಠವಾದ ಕಥೆ

ಇವತ್ತಿನ ಸಂಚಿಕೆಯಲ್ಲಿ ನಾನು ಮಾತಾಡ್ತಿರೋದು ಒಬ್ಬ ಜಾಝ್ ಪಿಯಾನೊ ವಾದಕರ ಬಗ್ಗೆ. ಅವರನ್ನ ಮೊದಲ ಸಲ ಕೇಳಿದವರಿಗೆ ಬರೋ ಅನುಮಾನ ಒಂದೇ: ಇವರಿಗೆ ನಿಜವಾಗ್ಲೂ ಪಿಯಾನೊ ನುಡಿಸೋಕೆ ಬರುತ್ತಾ? ಎಲ್ಲೋ ಒಂದು ಕೀ ತಪ್ಪಿದ ಹಾಗೆ, ಎಲ್ಲೋ ನುಡಿಸೋದನ್ನೇ ಮರೆತು ಕೂತ ಹಾಗೆ. ಹೆಸರು ಥೆಲೋನಿಯಸ್ ಮಾಂಕ್. ಅವರ ಕಾಲದ ಕೆಲವು ವಿಮರ್ಶಕರೂ ಇದೇ ಪ್ರಶ್ನೆ ಕೇಳಿದ್ರು. ಇವತ್ತು ಜಾಝ್ ಕಲಿಯುವವರು ಅವರ ರಚನೆಗಳನ್ನು ಬಿಟ್ಟು ಮುಂದೆ ಹೋಗೋ ಹಾಗೇ ಇಲ್ಲ. ತಪ್ಪು ಅನ್ನಿಸಿದ್ದು ಪಾಠ ಆಗಿದ್ದು ಹೇಗೆ? ಅದಕ್ಕೆ ಅವರು ತೆತ್ತ ಬೆಲೆ ಏನು?

ಮಾಂಕ್ ಹುಟ್ಟಿದ್ದು 1917ರ ಅಕ್ಟೋಬರ್ 10ರಂದು, ಅಮೆರಿಕದ ನಾರ್ತ್ ಕೆರೊಲಿನಾದ ರಾಕಿ ಮೌಂಟ್‌ನಲ್ಲಿ. 1922ರಲ್ಲಿ ಕುಟುಂಬ ನ್ಯೂಯಾರ್ಕ್‌ಗೆ ಬಂತು. ಹದಿಹರೆಯದಲ್ಲಿ ಒಬ್ಬ ಧರ್ಮಪ್ರಚಾರಕಿಯ ತಂಡದ ಜೊತೆ ಊರೂರು ಸುತ್ತಿ ಪಿಯಾನೊ ನುಡಿಸಿದ್ರು. 1940ರ ದಶಕದ ಆರಂಭದಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್‌ನಲ್ಲಿ ಕಾಯಂ ಪಿಯಾನೊ ವಾದಕರಾದ್ರು. ಡಿಜ್ಜಿ ಗಿಲೆಸ್ಪಿಯಂಥವರು ರಾತ್ರಿಯಿಡೀ ಸೇರಿ ನುಡಿಸ್ತಿದ್ದ ಜಾಗ ಅದು. ಮುಂದೆ ಬೀಬಾಪ್ ಅಂತ ಹೆಸರಾದ ಹೊಸ ಶೈಲಿ ರೂಪುಗೊಂಡಿದ್ದು ಅಂಥ ರಾತ್ರಿಗಳಲ್ಲೇ. ಆದರೆ ಬೀಬಾಪ್ ಅಂದ್ರೆ ಮಿಂಚಿನ ವೇಗ. ಮಾಂಕ್ ಮಾತ್ರ ಕಡಿಮೆ ಸ್ವರಗಳಲ್ಲಿ, ಜಾಗ ಬಿಟ್ಟು ಬಿಟ್ಟು ನುಡಿಸ್ತಿದ್ರು.

ಈಗ ಆ ಅಪಸ್ವರದ ವಿಚಾರಕ್ಕೆ ಬರ್ತೀನಿ. ನಮ್ಮ ವೀಣೆಯಲ್ಲಿ ತಂತಿ ಎಳೆದು ಎರಡು ಸ್ವರಗಳ ನಡುವಿನ ಜಾಗವನ್ನೂ ಮುಟ್ಟಬಹುದು. ಅಮೆರಿಕದ ಬ್ಲೂಸ್ ಗಾಯಕರೂ ಸ್ವರವನ್ನು ಹೀಗೇ ಜಗ್ಗಿ ಹಾಡ್ತಾರೆ. ಪಿಯಾನೊದಲ್ಲಿ ಅದು ಆಗಲ್ಲ. ಹಾರ್ಮೋನಿಯಂನ ಕಷ್ಟವೇ ಇದಕ್ಕೂ: ಒಂದು ಕೀ, ಒಂದು ಸ್ವರ. ಮಾಂಕ್ ಏನು ಮಾಡಿದ್ರು ಗೊತ್ತಾ? ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ಆಮೇಲೆ ಒಂದರಿಂದ ಬೆರಳು ತೆಗೀತಿದ್ರು. ಆ ತಿಕ್ಕಾಟದಲ್ಲಿ ಸ್ವರ ಬಾಗಿದ ಹಾಗೆ ಕೇಳಿಸುತ್ತೆ. ಬೆರಳು ಜಾರಿ ಆಗಿದ್ದಲ್ಲ ಅದು, ಬೇಕಂತಲೇ ಮಾಡಿದ್ದು.

ಲಯದಲ್ಲೂ ಅಷ್ಟೇ. ‘ಸ್ಟ್ರೇಟ್, ನೋ ಚೇಸರ್’ ಅನ್ನೋ ರಚನೆ ತಗೊಳ್ಳಿ. 1951ರಲ್ಲಿ ರೆಕಾರ್ಡ್ ಆಗಿದ್ದು. ಅದರ ಅಚ್ಚು ಹನ್ನೆರಡು ಬಾರ್‌ಗಳ ಸಾಮಾನ್ಯ ಬ್ಲೂಸ್. ಆದರೆ ಒಂದೇ ಪುಟ್ಟ ಪಲುಕು ಮತ್ತೆ ಮತ್ತೆ ಬರುತ್ತೆ, ಪ್ರತಿ ಸಲ ತಾಳದ ಬೇರೆ ಜಾಗದಿಂದ ಹೊರಡುತ್ತೆ, ಒಮ್ಮೊಮ್ಮೆ ಬಾಲ ಬೆಳೆಸಿಕೊಳ್ಳುತ್ತೆ. ನಮ್ಮ ಸಂಗೀತ ಕೇಳಿದವರಿಗೆ ಎಡುಪು ಬದಲಾಗೋದು ಅಂದ್ರೆ ತಕ್ಷಣ ಅರ್ಥ ಆಗುತ್ತೆ. ಕೈಯಲ್ಲಿ ತಾಳ ಹಾಕ್ತಾ ಕೇಳಿ ನೋಡಿ, ಲೆಕ್ಕ ಎಷ್ಟು ಕಟ್ಟುನಿಟ್ಟು ಅಂತ ಗೊತ್ತಾಗುತ್ತೆ.

ಅದೇ 1951ರಲ್ಲಿ ದೊಡ್ಡ ಪೆಟ್ಟು ಬಿತ್ತು. ಗೆಳೆಯ, ಪಿಯಾನೊ ವಾದಕ ಬಡ್ ಪವೆಲ್ ಜೊತೆ ಕಾರಿನಲ್ಲಿದ್ದಾಗ ಮಾದಕವಸ್ತು ಸಿಕ್ಕಿತು ಅಂತ ಮಾಂಕ್ ಬಂಧನವಾಯ್ತು. ಗೆಳೆಯನ ವಿರುದ್ಧ ಅವರು ಬಾಯಿ ಬಿಡಲಿಲ್ಲ. ಜೈಲಾಯ್ತು, ಜೊತೆಗೆ ಕ್ಯಾಬರೆ ಕಾರ್ಡೂ ಹೋಯ್ತು. ಆಗ ನ್ಯೂಯಾರ್ಕ್‌ನಲ್ಲಿ ಮದ್ಯ ಮಾರುವ ಕ್ಲಬ್‌ಗಳಲ್ಲಿ ನುಡಿಸಬೇಕಾದ್ರೆ ಪೊಲೀಸರು ಕೊಡುವ ಈ ಕಾರ್ಡ್ ಇರಲೇಬೇಕಿತ್ತು. ಗಾಯಕಿ ಬಿಲ್ಲಿ ಹಾಲಿಡೇ ಕೂಡ ಇದೇ ನಿಯಮಕ್ಕೆ ಸಿಕ್ಕು ಕೆಲಸ ಕಳೆದುಕೊಂಡಿದ್ರು. ಜಾಝ್‌ಗೆ ಕ್ಲಬ್ಬೇ ಅನ್ನ. ಹೆಚ್ಚೂಕಮ್ಮಿ ಆರು ವರ್ಷ ಮಾಂಕ್ ತಮ್ಮದೇ ಊರಿನ ಕ್ಲಬ್‌ಗಳಿಂದ ಹೊರಗಿದ್ರು. ಮನೇಲಿ ಚಿಕ್ಕ ಮಕ್ಕಳು. ಹೆಂಡತಿ ನೆಲ್ಲಿ ದುಡಿದು ಸಂಸಾರ ನಡೆಸಿದ್ರು. ಮಾಂಕ್ ಮನೆಯಲ್ಲೇ ಕೂತು ರಚನೆ ಮಾಡಿದ್ರು, ಆಗಾಗ ರೆಕಾರ್ಡಿಂಗ್ ಮಾಡಿದ್ರು.

ಆ ಅವಧಿಯ ಫಲ 1956ರಲ್ಲಿ ಧ್ವನಿಮುದ್ರಣವಾದ ‘ಬ್ರಿಲಿಯಂಟ್ ಕಾರ್ನರ್ಸ್’. ಅದರ ಶೀರ್ಷಿಕೆ ರಚನೆಗೆ ಇಪ್ಪತ್ತೈದು ಟೇಕ್ ತಗೊಂಡ್ರೂ ಒಂದೂ ಪೂರ್ತಿ ಕೈಗೆ ಬರಲಿಲ್ಲ. ಸೋನಿ ರೋಲಿನ್ಸ್‌ನಂಥ ಘಟಾನುಘಟಿ ಸ್ಯಾಕ್ಸೋಫೋನ್ ವಾದಕರು ತಂಡದಲ್ಲಿದ್ದಾಗಲೇ ಈ ಪಾಡು! ಕೊನೆಗೆ ಬೇರೆ ಬೇರೆ ಟೇಕ್‌ಗಳನ್ನು ಕತ್ತರಿಸಿ ಜೋಡಿಸಬೇಕಾಯ್ತು. ಮಾಂಕ್‌ಗೆ ನುಡಿಸೋಕೆ ಬರಲ್ಲ ಅಂದವರಿಗೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ?

1957ರಲ್ಲಿ ಕಾರ್ಡ್ ವಾಪಸ್ ಬಂತು. ಫೈವ್ ಸ್ಪಾಟ್ ಎಂಬ ಕ್ಲಬ್‌ನಲ್ಲಿ ತಿಂಗಳುಗಟ್ಟಲೆ ನುಡಿಸಿದ್ರು, ಪಕ್ಕದಲ್ಲಿ ಸ್ಯಾಕ್ಸೋಫೋನ್ ಹಿಡಿದು ಜಾನ್ ಕೋಲ್ಟ್ರೇನ್. ಮಾಂಕ್‌ರಿಂದ ಬಹಳ ಕಲಿತೆ ಅಂತ ಕೋಲ್ಟ್ರೇನ್ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ನವೆಂಬರ್‌ನಲ್ಲಿ ಇಬ್ಬರೂ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಟೇಪ್ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. 1964ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಮಾಂಕ್ ಚಿತ್ರ ಬಂತು. ಸಂಗೀತ ಬದಲಾಗಿರಲಿಲ್ಲ, ಕೇಳೋ ಕಿವಿ ಬದಲಾಗಿತ್ತು.

ಅವರ ಟೋಪಿಗಳು, ವೇದಿಕೆಯಲ್ಲೇ ಎದ್ದು ಗಿರಗಿರ ತಿರುಗುತ್ತಿದ್ದದ್ದು, ಇವೆಲ್ಲ ದಂತಕಥೆ ಆಗಿವೆ. ಹುಚ್ಚು ಪ್ರತಿಭೆ ಅಂತ ಬಣ್ಣಿಸೋದೂ ಸುಲಭ. ಆದರೆ ಮಾನಸಿಕ ಅನಾರೋಗ್ಯ ಅವರನ್ನು ನಿಜವಾಗಿಯೂ ಕಾಡಿತ್ತು, ಹಲವು ಸಲ ಆಸ್ಪತ್ರೆ ಸೇರಿದ್ರು. ಅದನ್ನು ಪ್ರತಿಭೆಯ ಅಲಂಕಾರ ಅಂತ ನೋಡೋದು ನನಗೆ ಸರಿ ಕಾಣಲ್ಲ. ಕೊನೆಯ ವರ್ಷಗಳನ್ನು ಹಿತೈಷಿ ಪನೋನಿಕಾ ಅವರ ನ್ಯೂಜೆರ್ಸಿ ಮನೆಯಲ್ಲಿ ಕಳೆದ್ರು, ಪಿಯಾನೊ ಮುಟ್ಟಿದ್ದೇ ಅಪರೂಪ. 1982ರ ಫೆಬ್ರವರಿ 17ರಂದು ತೀರಿಕೊಂಡ್ರು. 2006ರಲ್ಲಿ, ಮರಣಾನಂತರ, ಪುಲಿಟ್ಜರ್ ವಿಶೇಷ ಗೌರವ ಸಿಕ್ಕಿತು.

ಅವರು ಬಿಟ್ಟುಹೋದ ರಚನೆಗಳು ಸುಮಾರು ಎಪ್ಪತ್ತು, ಅಷ್ಟೇ. ಆದರೂ ಜಾಝ್‌ನಲ್ಲಿ ಅತಿ ಹೆಚ್ಚು ಸಲ ನುಡಿಸಲ್ಪಡೋ ರಚನೆಗಳಲ್ಲಿ ಅವರವು ಸೇರುತ್ತವೆ.

ಕೇಳಬೇಕು ಅನ್ನಿಸಿದ್ರೆ ‘ಬ್ಲೂ ಮಾಂಕ್’ನಿಂದ ಶುರು ಮಾಡಿ, ಅದು ಸುಲಭ. ಆಮೇಲೆ ‘ರೌಂಡ್ ಮಿಡ್‌ನೈಟ್’. ಕೊನೆಗೆ ‘ಬ್ರಿಲಿಯಂಟ್ ಕಾರ್ನರ್ಸ್’. ಮೊದಲ ಸಲ ತಪ್ಪು ಅನ್ನಿಸಿದ ಜಾಗವನ್ನು ಗುರುತಿಟ್ಟುಕೊಳ್ಳಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಆ ಜಾಗಕ್ಕೇ ನೀವು ಕಾಯ್ತಾ ಕೂತಿರ್ತೀರಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.