ಬಹಿಷ್ಕಾರವೊ, ವರ್ಜನವೊ?

೨೦೨೪ನೆಯ ಜುಲೈ ತಿಂಗಳಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦ನ್ನೂ ಉಳಿದವುಗಳಲ್ಲಿ ೭೦ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಕರ್ನಾಟಕದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಬೆಂಗಳೂರಿನ ಫೋನ್‌ಪೇ ಸಂಸ್ಥೆಯ ಮುಖ್ಯಸ್ಥರಾದ ಸಮೀರ್ ನಿಗಮ್ ಅದನ್ನು ಬಹಿರಂಗವಾಗಿ ಖಂಡಿಸಿದರು. ಆ ಸಂಸ್ಥೆಯ ಸೇವೆಯನ್ನು ತೊರೆಯಬೇಕೆಂದು ಕನ್ನಡಿಗರಲ್ಲಿ ಹಲವರು ಕರೆಯಿತ್ತರು. ಕೆಲವೇ ದಿನಗಳಲ್ಲಿ ಅವರು ಬೇಷರತ್ತಾಗಿ ಕ್ಷಮೆ ಕೋರಿದರು. ಮಸೂದೆಯನ್ನಾದರೊ ಸರಕಾರವು ಅದಕ್ಕೆ ಮೊದಲೇ ತಡೆಹಿಡಿದಿತ್ತು.

ಇಂತಹುದನ್ನು ಬಹಿಷ್ಕಾರವೆನ್ನುವುದು ವಾಡಿಕೆ. ಆದರೆ ಆ ಪದಕ್ಕೆ ಹೊರಗಿಡುವುದೆಂಬುದೇ ಅರ್ಥ. ನಮ್ಮ ಹಳ್ಳಿಗಳಲ್ಲಿ ಜಾತಿಯ ಕಟ್ಟನ್ನು ಮೀರಿದವನಿಗೆ ಬೆಂಕಿ ನೀರುಗಳನ್ನು ನಿಲ್ಲಿಸಿದುದು ಬಹಿಷ್ಕಾರ. ಆ ಸಂಕಟವು ಇನ್ನೂ ಅಳಿದಿಲ್ಲವಾದುದರಿಂದ ಪದವನ್ನು ಸಡಿಲಿಸುವುದು ನನಗೆ ಸರಿದೋರದು. ೧೮೮೦ರಲ್ಲಿ ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಜಮೀನ್ದಾರನೊಬ್ಬನ ಕಾರಭಾರಿಯಾಗಿದ್ದ ಕ್ಯಾಪ್ಟನ್ ಬಾಯ್ಕಾಟನಿಗೆ ಆದುದೂ ಅದೇ: ಕೂಲಿಗಳು ಪೈರು ಕೊಯ್ಯಲೊಲ್ಲರು, ಅಂಗಡಿಕಾರರು ಸಾಮಾನು ಮಾರಲೊಲ್ಲರು. ಅವನ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯಿತು. ಅಲ್ಲಿ ಮಾರುವವನು ಕೊಳ್ಳುವವನನ್ನು ಬಿಟ್ಟನು. ಈಗ ಕೊಳ್ಳುವವನು ಮಾರುವವನನ್ನು ಬಿಡುತ್ತಾನೆ. ಹೊರಗೆ ಹೋಗುವವನು ತಾನೇ.

ಅದೂ ಎಷ್ಟು ಸುಲಭ! ದಾವಣಗೆರೆಯ ವಿದ್ಯಾನಗರದ ಅಂಗಡಿಯಲ್ಲಿ ಒಂದು ಸಂಸ್ಥೆಯ ಕ್ಯೂಆರ್ ಫಲಕವಿದ್ದರೂ ಯುಪಿಐ ಏರ್ಪಾಡಿನಿಂದ ಇನ್ನೊಂದು ಸಂಸ್ಥೆಯ ಮೂಲಕ ಹಣ ತೆರಬಹುದು. ವ್ಯಾಪಾರಿಗೆ ಬರುವುದು ಬಂದೇ ಬರುವುದು. ಇದಕ್ಕೆ ವರ್ಜನವೆಂಬ ಪದವೇ ಮೇಲು. ಅದು ವ್ರತನಿಯಮಗಳ ಪದವೆಂದು ಯಾರಾದರೂ ಆಕ್ಷೇಪಿಸಿದರೆ, 'ತೊರೆ' ಎಂಬ ಅಚ್ಚಗನ್ನಡ ಧಾತುವು ಹೇಗೂ ಇದ್ದೇ ಇದೆ.